ತೆರೆದ ಕಾರಿನ ತಳಕ್ಕೆ ತುಕ್ಕು ಹಿಡಿಯದಂತೆ

ಹಳೆಯ ಕನ್ವರ್ಟಿಬಲ್ ಕಾರು ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದು ಬಣ್ಣದ ಹೊಳಪಿನ ಮೇಲೆ, ಆಮೇಲೆ ಕ್ರೋಮ್ ಬಂಪರಿನ ಮೇಲೆ. ಎಂಜಿನ್ ಸ್ಟಾರ್ಟ್ ಮಾಡಿ ಸದ್ದು ಕೇಳುತ್ತಾರೆ, ಹುಡ್ ಮಡಚಿ ಬಿಚ್ಚಿ ನೋಡುತ್ತಾರೆ. ಕಾಲಡಿಯ ಕಾರ್ಪೆಟ್ ಎತ್ತಿ ನೋಡುವವರು ಕಡಿಮೆ. ಕಾರು ಮನೆಗೆ ಬಂದು, ಮೊದಲ ಮಳೆಗೆ ಕಾರ್ಪೆಟ್ ನೆನೆದು ಮುಗ್ಗಲು ವಾಸನೆ ಹೊಡೆದಾಗಲೇ ತಳದ ತಗಡಿನ ನೆನಪಾಗುವುದು. ಚಾವಣಿ ಇಲ್ಲದ ಕಾರಿನಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದ ಭಾಗವೇ ಅದು.

ಮುಚ್ಚಿದ ಕಾರಿನಲ್ಲಿ ಚಾವಣಿ, ಕಂಬ, ತಳ ಮೂರೂ ಸೇರಿ ಭಾರ ಹೊರುತ್ತವೆ. ಚಾವಣಿ ತೆಗೆದರೆ, ಕಾರು ನಡುವೆ ಬಾಗದಂತೆ ಹಿಡಿಯುವ ಹೊಣೆಯೆಲ್ಲ ತಳದ ತಗಡು, ಗೇರ್‌ಬಾಕ್ಸ್ ಮೇಲಿನ ಟನೆಲ್ ಮತ್ತು ಬಾಗಿಲ ಕೆಳಗಿನ ಸಿಲ್‌ಗಳ ಮೇಲೆ ಬೀಳುತ್ತದೆ. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಇದಕ್ಕೆ ಒಳ್ಳೆಯ ಉದಾಹರಣೆ. ಅದಕ್ಕೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಚಾಸಿ. ಸಿಲ್ ಮತ್ತು ತಳ ಲಡ್ಡಾದ ಎಂಜಿಬಿಯನ್ನು ಜ್ಯಾಕ್ ಹಾಕಿ ಎತ್ತಿದರೆ ಬಾಗಿಲ ಸಂದು ಕಿರಿದಾಗುವುದು ಕಣ್ಣಿಗೇ ಕಾಣುತ್ತದೆ, ಕೆಲವೊಮ್ಮೆ ಬಾಗಿಲು ತೆರೆಯಲಿಕ್ಕೇ ಬರುವುದಿಲ್ಲ. ಫೋಕ್ಸ್‌ವ್ಯಾಗನ್ ಬೀಟಲ್‌ನ ತೆರೆದ ಮಾದರಿಯನ್ನು ಕಟ್ಟುತ್ತಿದ್ದ ಜರ್ಮನಿಯ ಕಾರ್ಮನ್ ಕಂಪನಿ ಬಾಡಿಯ ಎರಡೂ ಬದಿಗೆ ಹೆಚ್ಚುವರಿ ಉಕ್ಕಿನ ಬಲ ಕೊಡುತ್ತಿದ್ದುದೂ ಈ ಕಾರಣಕ್ಕೇ.

ನಮ್ಮಲ್ಲಿ ಹೆಚ್ಚು ಪರಿಚಯವಿರುವ ಹೆರಾಲ್ಡ್ ಮತ್ತು ಜೀಪುಗಳ ವಿಷಯ ಸ್ವಲ್ಪ ಬೇರೆ. ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪನಿ ತಯಾರಿಸಿದ ಹೆರಾಲ್ಡ್‌ಗೂ ಮಹೀಂದ್ರದ ಹಳೆಯ ಜೀಪುಗಳಿಗೂ ಪ್ರತ್ಯೇಕ ಚಾಸಿ ಇದೆ. ತಳ ತೂತಾದರೂ ಗಾಡಿ ನಡುವೆ ಬಾಗುವುದಿಲ್ಲ. ಆದರೆ ಸೀಟಿನ ಬೋಲ್ಟು ಕೂತಿರುವುದು ಅದೇ ತಗಡಿನಲ್ಲಿ ಎಂಬುದನ್ನು ಮರೆಯಬಾರದು. ಮುಂದೆ ಹೇಳುವ ಕೆಲಸದ ಕ್ರಮ ಎಲ್ಲಕ್ಕೂ ಒಂದೇ.

ಕೆಲಸ ಶುರು ಮಾಡುವ ಮುನ್ನ ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಗಬೇಕು. ತೆರೆದ ಕಾರಿನೊಳಗೆ ನೀರು ಬಂದೇ ಬರುತ್ತದೆ. ಹುಡ್ ಎಷ್ಟೇ ಹೊಸದಿರಲಿ, ಬೀಡಿಂಗ್ ಎಷ್ಟೇ ಬಿಗಿಯಿರಲಿ, ಆಗುಂಬೆ ಘಾಟಿಯ ಮಳೆಯಲ್ಲಿ ಒಂದು ಗಂಟೆ ಓಡಿಸಿದರೆ ಎಲ್ಲಿಂದಲೋ ಜಿನುಗುತ್ತದೆ. ಹಾಗಾಗಿ ಒಳಗೆ ಹನಿ ನೀರೂ ಬಾರದಂತೆ ಮಾಡುತ್ತೇನೆಂದು ಹೊರಟು ಕಂಡ ತೂತನ್ನೆಲ್ಲ ಮುಚ್ಚಿದರೆ, ಬಂದ ನೀರು ಹೊರಗೆ ಹೋಗಲಾರದೆ ಅಲ್ಲೇ ನಿಲ್ಲುತ್ತದೆ. ತಗಡಿನ ಸಂದುಗಳನ್ನು ಮುಚ್ಚಬೇಕು, ನೀರು ಹರಿದುಹೋಗುವ ದಾರಿಗಳನ್ನು ತೆರೆದಿಡಬೇಕು, ತಳ ಬೇಗ ಒಣಗುವಂತಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಎಷ್ಟು ದುಬಾರಿ ಪೇಂಟ್ ಬಳಿದರೂ ಅಷ್ಟೆ.

ನೀರು ಎಲ್ಲಿಂದ ಬರುತ್ತಿದೆ?

ಸೀಟು, ಕಾರ್ಪೆಟ್, ಕೆಳಗಿನ ಸೆಣಬಿನ ಫೆಲ್ಟ್ ಎಲ್ಲವನ್ನೂ ಹೊರಗೆ ತೆಗೆಯಿರಿ. ಹಳೆಯ ಫೆಲ್ಟ್ ಹೊರಗಿಂದ ಒಣಗಿದಂತೆ ಕಂಡರೂ ಒತ್ತಿದರೆ ನೀರು ಬಿಡುತ್ತದೆ. ಅದನ್ನು ಮತ್ತೆ ಹಾಕುವ ಯೋಚನೆಯೇ ಬೇಡ. ತಳವನ್ನು ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ, ಮೇಲೆ ಹಳೆಯ ದಿನಪತ್ರಿಕೆ ಹಾಸಿ. ಹುಡ್ ಏರಿಸಿ, ಗಾಜು ಮುಚ್ಚಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಬೇಕು. ನೀರು ಬಿಡುವುದು ಕೆಳಗಿನಿಂದ ಮೇಲಕ್ಕೆ: ಮೊದಲು ಸಿಲ್ ಮತ್ತು ಬಾಗಿಲ ತಳ, ಆಮೇಲೆ ಬಾಗಿಲ ಬೀಡಿಂಗ್, ಆಮೇಲೆ ವಿಂಡ್‌ಸ್ಕ್ರೀನ್ ಚೌಕಟ್ಟಿನ ಬುಡ, ಕೊನೆಗೆ ಹುಡ್. ಒಂದೊಂದು ಜಾಗಕ್ಕೂ ಐದು ನಿಮಿಷವಾದರೂ ಕೊಡಿ. ಒಮ್ಮೆಲೇ ಮೇಲಿನಿಂದ ಸುರಿದರೆ ಎಲ್ಲ ಕಡೆಯೂ ಒದ್ದೆಯಾಗಿ ಮೂಲ ಯಾವುದೆಂದು ತಿಳಿಯುವುದೇ ಇಲ್ಲ. ಪೇಪರಿನ ಮೇಲೆ ಮೊದಲ ಹನಿ ಬಿದ್ದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, ಅಲ್ಲಿಂದ ಹಿಮ್ಮುಖವಾಗಿ ನೀರಿನ ಜಾಡು ಹುಡುಕುತ್ತ ಹೋಗಿ.

ಎಂಜಿಬಿಯಲ್ಲಿ ಬಹಳ ಸಲ ಮೋಸಮಾಡುವ ಒಂದು ಜಾಗವಿದೆ. ವಿಂಡ್‌ಸ್ಕ್ರೀನಿನ ಮುಂದೆ ಗಾಳಿ ಒಳಗೆಳೆಯುವ ಜಾಲರಿ ಇರುತ್ತದಲ್ಲ, ಅದರೊಳಗೆ ಬಿದ್ದ ಮಳೆನೀರು ಒಂದು ರಬ್ಬರ್ ನಳಿಕೆಯ ಮೂಲಕ ಕೆಳಗೆ ಹೋಗಬೇಕು. ಎಲೆ, ಮಣ್ಣು, ಹೂವಿನ ಕಸ ಸೇರಿ ಆ ನಳಿಕೆ ಕಟ್ಟಿಕೊಂಡರೆ ನೀರು ತುಂಬಿ, ಹೀಟರ್ ದಾರಿಯಿಂದ ನೇರವಾಗಿ ಕಾಲಿಡುವ ಜಾಗಕ್ಕೆ ಬೀಳುತ್ತದೆ. ಮಾಲೀಕರು ಬಾಗಿಲ ಬೀಡಿಂಗ್ ಬದಲಿಸಿ, ವಿಂಡ್‌ಸ್ಕ್ರೀನ್ ರಬ್ಬರ್ ಬದಲಿಸಿ, ಆದರೂ ನೀರು ನಿಲ್ಲಲಿಲ್ಲವೆಂದು ಕೊರಗುತ್ತಾರೆ. ಆ ನಳಿಕೆಯನ್ನು ಬೆರಳಿನಿಂದ ಹಿಸುಕಿ, ಮೆತ್ತನೆಯ ತಂತಿ ಆಡಿಸಿದರೆ ಕರಿ ಕೆಸರು ಹೊರಗೆ ಬರುತ್ತದೆ. ಮರದ ಕೆಳಗೆ ನಿಲ್ಲುವ ಯಾವುದೇ ಹಳೆಯ ಕಾರಿನಲ್ಲಿ ಇಂಥ ದಾರಿಗಳನ್ನು ಮಳೆಗಾಲಕ್ಕೆ ಮುಂಚೆಯೇ ನೋಡಬೇಕು. ಬಾಗಿಲ ಕೆಳಅಂಚಿನ ತೂತುಗಳೂ ಹಾಗೆಯೇ. ಗಾಜಿನ ಸಂದಿನಿಂದ ಬಾಗಿಲೊಳಗೆ ಇಳಿದ ನೀರು ಅಲ್ಲಿಂದಲೇ ಹೊರಗೆ ಹೋಗಬೇಕು.

ಒದ್ದೆಯೆಲ್ಲ ಮಳೆನೀರಲ್ಲ ಎಂಬುದೂ ಗೊತ್ತಿರಲಿ. ಪೆಡಲ್‌ಗಳ ಬುಡದಲ್ಲಿ ಜಾರುವ ದ್ರವವಿದ್ದು, ಸುತ್ತಲಿನ ಪೇಂಟ್ ಗುಳ್ಳೆ ಎದ್ದಿದ್ದರೆ ಅದು ಬ್ರೇಕ್ ಅಥವಾ ಕ್ಲಚ್ ಫ್ಲೂಯಿಡ್. ಮಾಸ್ಟರ್ ಸಿಲಿಂಡರ್ ಸೋರುತ್ತಿದೆ ಎಂದರ್ಥ. ಅದನ್ನು ಸರಿಪಡಿಸದೆ ಬ್ರೇಕನ್ನು ನಂಬಿ ಓಡಿಸುವುದು ಜೀವಕ್ಕೇ ಅಪಾಯ. ತಳದ ಕೆಲಸ ಆಮೇಲಿನ ಮಾತು. ಸಿಹಿ ವಾಸನೆಯ ಅಂಟು ದ್ರವವಾದರೆ ಹೀಟರಿನಿಂದ ಕೂಲೆಂಟ್ ಸೋರುತ್ತಿದೆ. ಬ್ಯಾಟರಿ ಇರುವ ಜಾಗವನ್ನೂ ಬಿಡಬೇಡಿ. ಎಂಜಿಬಿಯ ಮೊದಲಿನ ಮಾದರಿಗಳಲ್ಲಿ 6 ವೋಲ್ಟಿನ ಎರಡು ಬ್ಯಾಟರಿ ಸೀಟಿನ ಹಿಂದೆ ತಳದಲ್ಲೇ ಕೂರುತ್ತವೆ, ಬೀಟಲ್‌ನಲ್ಲಿ ಹಿಂದಿನ ಸೀಟಿನ ಕೆಳಗೆ. ಆಸಿಡ್ ಚೆಲ್ಲಿದ ತಗಡು ಕಾಗದದಂತೆ ಹರಿಯುತ್ತದೆ. ಅಲ್ಲಿ ಅಡುಗೆ ಸೋಡಾ ಕಲಸಿದ ನೀರು ಹಾಕಿ, ನೊರೆ ಏಳುವುದು ನಿಂತ ಮೇಲೆ ತೊಳೆದು ಒಣಗಿಸಿ.

ಕೆರೆದು ನೋಡುವ ಕೆಲಸ

ಈಗ ತಗಡಿನ ಪರೀಕ್ಷೆ. ಕಂಪನಿ ಹಾಕಿದ್ದ ಡಾಂಬರಿನ ಹಳೆಯ ಶೀಟುಗಳು ಬಿರುಕುಬಿಟ್ಟು, ಕೆಳಗೆ ನೀರು ಹಿಡಿದಿಟ್ಟುಕೊಂಡಿರುತ್ತವೆ. ಹೀಟ್ ಗನ್ನಿನಿಂದ ಸ್ವಲ್ಪ ಬಿಸಿಮಾಡಿ ಪುಟ್ಟಿ ಪಟ್ಟಿಯಿಂದ ಎಬ್ಬಿಸಿದರೆ ಬರುತ್ತವೆ. ಆ ಕಾಲದ ಕೆಲವು ಲೇಪಗಳಲ್ಲಿ ಕಲ್ನಾರು, ಪೇಂಟಿನಲ್ಲಿ ಸೀಸ ಇರುತ್ತಿತ್ತು. ಅದಕ್ಕೇ ಅವನ್ನು ಗ್ರೈಂಡರಿನಲ್ಲಿ ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ. ನೀರು ಚಿಮುಕಿಸಿ ಕೈಯಿಂದ ಕೆರೆಯಿರಿ, ಸರಿಯಾದ ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ದೂರವಿಡಿ.

ಶೀಟು ಹೋದ ಮೇಲೆ ಸಣ್ಣ ಸುತ್ತಿಗೆಯಿಂದ ಎರಡೆರಡು ಇಂಚಿಗೆ ಒಮ್ಮೆ ತಟ್ಟುತ್ತ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಒಳಗೆ ತಿಂದುಹೋದದ್ದು ಬೊದ್ದೆನ್ನುತ್ತದೆ. ಅನುಮಾನ ಬಂದಲ್ಲಿ ಸ್ಕ್ರೂ ಡ್ರೈವರಿನ ಮೊನೆಯಿಂದ ಒತ್ತಿ. ತೂತು ಬಿದ್ದರೆ ಅದು ನೀವು ಮಾಡಿದ ತೂತಲ್ಲ, ಆಗಲೇ ಇದ್ದದ್ದು. ಸಿಲ್ ಜೊತೆ ತಳ ಸೇರುವ ಅಂಚು, ಸೀಟಿನ ಹಳಿಯ ಕೆಳಭಾಗ, ಪೆಡಲ್ ಹತ್ತಿರದ ಮೂಲೆ, ಜ್ಯಾಕ್ ಕೂರುವ ಜಾಗ, ತಳದ ತೂತುಗಳಿಗೆ ಹಾಕಿದ ರಬ್ಬರ್ ಬಿರಟೆಗಳ ಸುತ್ತ: ತುಕ್ಕು ಮನೆಮಾಡುವುದು ಇಲ್ಲೆಲ್ಲ.

ಹಳೆಯ ಫೈಬರ್ ತೇಪೆಗಳು ಸಿಕ್ಕರೆ ನಿರ್ದಾಕ್ಷಿಣ್ಯವಾಗಿ ಕಿತ್ತುಹಾಕಿ. ತೂತಿಗೆ ಫೈಬರ್ ಮತ್ತು ರೆಸಿನ್ ಮೆತ್ತಿದರೆ ನೋಡಲು ಮುಚ್ಚಿದಂತೆ ಇರುತ್ತದೆ, ಬಲ ಮಾತ್ರ ಬರುವುದಿಲ್ಲ. ಅದರ ಕೆಳಗೆ ತುಕ್ಕು ಯಾರ ಕಣ್ಣಿಗೂ ಬೀಳದೆ ಹರಡುತ್ತದೆ. ತಗಡು ಹೋದಲ್ಲಿ ತಗಡೇ ಬರಬೇಕು.

ಟಿಂಕರಿಂಗ್ ಕೆಲಸ ಮೇಸ್ತ್ರಿಗೆ ಬಿಡುವುದಾದರೂ ಮಾಲೀಕರು ಎದುರಿಗಿದ್ದು ಹೇಳಬೇಕಾದ ಮಾತುಗಳಿವೆ. ಚಾಸಿ ಇಲ್ಲದ ತೆರೆದ ಕಾರಾದರೆ, ಕತ್ತರಿಸುವ ಮುನ್ನ ಬಾಗಿಲ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಅಡ್ಡಲಾಗಿ ಕಬ್ಬಿಣದ ಪೈಪಿನ ಆಧಾರ ಕೊಡಬೇಕು. ಬಾಗಿಲ ಸಂದು ಮೇಲೆ ಎಷ್ಟು, ಕೆಳಗೆ ಎಷ್ಟು ಎಂದು ಅಳೆದು ಬರೆದಿಟ್ಟುಕೊಂಡು, ಕೆಲಸದ ನಡುವೆ ಮತ್ತೆ ಮತ್ತೆ ತಾಳೆ ನೋಡಬೇಕು. ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಬೇಕೇ ಹೊರತು ಎರಡನ್ನೂ ಒಟ್ಟಿಗೆ ಕತ್ತರಿಸಕೂಡದು. ಈ ಎಚ್ಚರವಿಲ್ಲದೆ ಸಿಲ್ ಕತ್ತರಿಸಿದ ಕಾರು ಬಾಗಿದ ಸ್ಥಿತಿಯಲ್ಲೇ ವೆಲ್ಡ್ ಆಗಿಬಿಡುತ್ತದೆ. ಅದನ್ನು ಆಮೇಲೆ ನೇರ ಮಾಡುವುದೆಂದರೆ ಹೊಸ ವೆಲ್ಡನ್ನೆಲ್ಲ ಮತ್ತೆ ಬಿಚ್ಚುವುದು.

ತಗಡಿನ ದಪ್ಪ ಸುಮಾರು 1 ಮಿಲಿಮೀಟರ್ ಇದ್ದರೆ ಸಾಕು: 20 ಗೇಜ್ ಎಂದರೆ 0.9, 18 ಗೇಜ್ ಎಂದರೆ 1.2 ಮಿಲಿಮೀಟರ್. ಗಟ್ಟಿಯಿರಲಿ ಎಂದು ದಪ್ಪ ಪ್ಲೇಟು ಹಾಕಿದರೆ ಪಕ್ಕದ ತೆಳು ತಗಡಿನ ಜೊತೆ ವೆಲ್ಡ್ ಸರಿಯಾಗಿ ಬೆಸೆಯುವುದಿಲ್ಲ. ಗ್ಯಾಸ್ ವೆಲ್ಡಿಂಗ್‌ಗಿಂತ ಸಿಓಟು ವೆಲ್ಡಿಂಗ್ ಒಳ್ಳೆಯದು, ಬಿಸಿ ಕಡಿಮೆ ಹರಡುತ್ತದೆ. ಒಂದೇ ಗೆರೆ ಎಳೆಯದೆ ಅಲ್ಲೊಂದು ಇಲ್ಲೊಂದು ಚುಕ್ಕೆಯಿಟ್ಟು, ತಣಿಯಲು ಬಿಟ್ಟು, ಮತ್ತೆ ನಡುವೆ ತುಂಬಿದರೆ ತಗಡು ಸೊಟ್ಟಗಾಗುವುದಿಲ್ಲ. ಬ್ಯಾಟರಿ ಕಳಚಿರಬೇಕು. ತಳದ ಕೆಳಗೆ ಪೆಟ್ರೋಲ್ ಪೈಪು, ಬ್ರೇಕ್ ಪೈಪು, ವೈರು ಹಾದುಹೋಗುತ್ತವೆ. ಅವನ್ನು ಸರಿಸದೆ ಬೆಂಕಿ ಮುಟ್ಟಿಸಬಾರದು. ಕೈಗೆಟಕುವಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಇರಲಿ. ಕಾರಿನ ಕೆಳಗೆ ಹೋಗುವವರು ಜ್ಯಾಕ್ ಒಂದನ್ನೇ ನಂಬಬಾರದು, ಗಟ್ಟಿ ಸ್ಟ್ಯಾಂಡ್ ಕೊಟ್ಟಿರಬೇಕು.

ಪ್ರೈಮರ್, ಸೀಲರ್, ಪೇಂಟ್

ತೂತು ಬೀಳದೆ ಮೇಲ್ಮೈ ತುಕ್ಕು ಮಾತ್ರ ಇರುವ ಜಾಗವನ್ನು ವೈರ್ ಬ್ರಶ್ಶಿನಿಂದ ಉಜ್ಜಿ ಹೊಳೆಯುವ ಉಕ್ಕು ಕಾಣಿಸಬೇಕು. ಗುಳಿಗಳೊಳಗೆ ಉಳಿದ ತುಕ್ಕಿಗೆ ರಸ್ಟ್ ಕನ್ವರ್ಟರ್ ಹಾಕಬಹುದು. ಅದರಲ್ಲಿರುವ ಫಾಸ್ಫಾರಿಕ್ ಆಸಿಡ್ ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಬದಲಿಸುತ್ತದೆ, ಟ್ಯಾನಿಕ್ ಆಸಿಡ್ ಇರುವಂಥದ್ದು ತುಕ್ಕನ್ನು ಕಪ್ಪು ಪದರವಾಗಿಸುತ್ತದೆ. ಆದರೆ ಪದರ ಪದರವಾಗಿ ಉದುರುವ ತುಕ್ಕಿನ ಮೇಲೆ ಇದನ್ನು ಬಳಿದು ಪ್ರಯೋಜನವಿಲ್ಲ. ಡಬ್ಬಿಯ ಮೇಲೆ ಹೇಳಿದಂತೆ ಉಳಿದ ಆಸಿಡ್ ತೊಳೆದು ಒಣಗಿಸದಿದ್ದರೆ ಮೇಲಿನ ಪ್ರೈಮರ್ ಹಿಡಿಯುವುದಿಲ್ಲ. ಥಿನ್ನರ್ ಅಥವಾ ಗ್ರೀಸ್ ತೆಗೆಯುವ ದ್ರಾವಣದಲ್ಲಿ ಬಟ್ಟೆ ಅದ್ದಿ ಒರೆಸಿ. ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೆ ಬಟ್ಟೆ ಬದಲಿಸುತ್ತಲೇ ಒರೆಸಿ. ಆಮೇಲೆ ಬರಿಗೈಯಿಂದ ಮುಟ್ಟಬಾರದು.

ಮೊದಲ ಲೇಪಕ್ಕೆ ನನ್ನ ಮತ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕೆಂಪು ಆಕ್ಸೈಡ್ ಪ್ರೈಮರ್ ಗೇಟು, ಕಿಟಕಿಗೆ ಸರಿ. ನೀರು ನಿಲ್ಲುವ ತಳಕ್ಕೆ ಸಾಲದು. ಎಪಾಕ್ಸಿ ತೇವವನ್ನು ಚೆನ್ನಾಗಿ ತಡೆಯುತ್ತದೆ, ಉಕ್ಕಿಗೆ ಗಟ್ಟಿಯಾಗಿ ಅಂಟುತ್ತದೆ. ಬ್ರಶ್ಶಿನಲ್ಲೇ ಹಚ್ಚಿ, ಸಂದುಗಳಿಗೆ ತಿಕ್ಕಿ ತುಂಬಿ, ಎರಡು ಕೋಟು ಕೊಡಿ. ಎರಡನೆಯದನ್ನು ಡಬ್ಬಿಯಲ್ಲಿ ಹೇಳಿದ ಅವಧಿಯೊಳಗೇ ಕೊಡಬೇಕು. ಅದು ಮೀರಿದರೆ ಮೊದಲ ಕೋಟನ್ನು ಎಮರಿಯಿಂದ ಉಜ್ಜಿ ಒರಟು ಮಾಡಿಯೇ ಮುಂದುವರಿಯಬೇಕು. ಕೈಗೆ ಗ್ಲೌಸ್ ಕಡ್ಡಾಯ, ಎಪಾಕ್ಸಿಗೆ ಚರ್ಮದ ಅಲರ್ಜಿ ಬರುವುದು ಹೊಸದಲ್ಲ. ಪಿಓಆರ್-15ನಂಥ ತುಕ್ಕುನಿರೋಧಕ ಲೇಪಗಳೂ ಒಳ್ಳೆಯವೇ. ಅವು ಗಾಳಿಯ ತೇವದಿಂದಲೇ ಗಟ್ಟಿಯಾಗುತ್ತವೆ, ಕಲ್ಲಿನಷ್ಟು ಬಿರುಸು. ಬಿಸಿಲು ಬಿದ್ದರೆ ಬಣ್ಣ ಕೆಡುವುದರಿಂದ ಮೇಲೊಂದು ಪೇಂಟ್ ಬೇಕು. ಯಾವುದೇ ಆಗಲಿ, ಒಂದೇ ಕಂಪನಿಯ ಒಂದೇ ಪದ್ಧತಿಯನ್ನು ಕೊನೆಯವರೆಗೆ ಪಾಲಿಸಿ. ಅರ್ಧ ಇದು, ಅರ್ಧ ಅದು ಎಂದು ಬೆರೆಸಬೇಡಿ.

ಹವಾಮಾನದ ಮಾತು ನಮ್ಮ ಮಲೆನಾಡು ಮತ್ತು ಕರಾವಳಿಯವರಿಗೆ ಮುಖ್ಯ. ಗಾಳಿಯ ತೇವಾಂಶ ಶೇ. 85 ದಾಟಿದ್ದರೆ ಎಪಾಕ್ಸಿ ಬಳಿಯಬಾರದು. ಉಕ್ಕಿನ ಮೇಲ್ಮೈ ಇಬ್ಬನಿ ಕೂರುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು. ಅಂದರೆ ಮಡಿಕೇರಿಯಲ್ಲೋ ತೀರ್ಥಹಳ್ಳಿಯಲ್ಲೋ ಜುಲೈ ತಿಂಗಳಲ್ಲಿ ಈ ಕೆಲಸಕ್ಕೆ ಕೈಹಾಕುವುದು ವ್ಯರ್ಥ. ಕಣ್ಣಿಗೆ ಕಾಣದ ತೇವ ಪ್ರೈಮರಿನ ಕೆಳಗೆ ಸಿಕ್ಕಿಬಿದ್ದು ಮುಂದಿನ ವರ್ಷ ಗುಳ್ಳೆ ಏಳುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ, ಬಿಸಿಲೇರಿದ ಮೇಲೆ ಹತ್ತು ಗಂಟೆಗೆ ಶುರು ಮಾಡಿ ಸಂಜೆಯೊಳಗೆ ಮುಗಿಸುವಂತೆ ಯೋಜನೆ ಮಾಡಿಕೊಳ್ಳಿ. ಕಾರವಾರ, ಮಂಗಳೂರಿನಂಥ ಕಡಲ ತೀರದಲ್ಲಿ ಗಾಳಿಯ ಉಪ್ಪು ಬರಿ ಉಕ್ಕಿನ ಮೇಲೆ ಕೂರುತ್ತದೆ, ಹಾಗಾಗಿ ಉಜ್ಜಿದ ದಿನವೇ ಪ್ರೈಮರ್ ಬೀಳಬೇಕು.

ಪ್ರೈಮರ್ ಗಟ್ಟಿಯಾದ ಮೇಲೆ ಸಂದುಗಳಿಗೆ ಸೀಮ್ ಸೀಲರ್. ಈ ಕ್ರಮ ತಿರುವುಮುರುವು ಆಗಬಾರದು; ಬರಿ ತಗಡಿನ ಮೇಲೆ ಸೀಲರ್ ಹಾಕಿದರೆ ಅಂಚು ಎದ್ದು ನೀರು ಒಳನುಗ್ಗುತ್ತದೆ. ಪಾಲಿಯುರಿಥೇನ್ ಸೀಲರ್‌ ಟ್ಯೂಬ್ ತಂದು, ಗನ್ನಿಗೆ ಹಾಕಿ, ಎರಡು ತಗಡು ಕೂಡುವ ಗೆರೆಯುದ್ದಕ್ಕೂ ಪೆನ್ಸಿಲ್ ದಪ್ಪದ ಎಳೆ ಬಿಡಿ. ಆಮೇಲೆ ಗ್ಲೌಸ್ ಹಾಕಿದ ಬೆರಳಿನಿಂದಲೋ ಮೋಟು ಬ್ರಶ್ಶಿನಿಂದಲೋ ಒತ್ತಿ, ಎಳೆಯ ಎರಡೂ ಅಂಚು ತಗಡಿಗೆ ತೆಳ್ಳಗೆ ಇಳಿಯುವಂತೆ ಸವರಿ. ಅಂಚಿನಲ್ಲಿ ಮೆಟ್ಟಿಲು ಉಳಿದರೆ ಧೂಳು, ನೀರು ಅಲ್ಲೇ ನಿಲ್ಲುತ್ತವೆ. ಸಾಧ್ಯವಾದಲ್ಲಿ ಒಳಗಿನಿಂದಲೂ ಕೆಳಗಿನಿಂದಲೂ ಮುಚ್ಚಿ.

ಇಲ್ಲಿ ಎರಡು ಅಗ್ಗದ ಉಪಾಯಗಳನ್ನು ಬಿಡಲೇಬೇಕು. ಬಚ್ಚಲುಮನೆಗೆ ಹಾಕುವ ಸಾಮಾನ್ಯ ಸಿಲಿಕೋನ್, ಅದೇ ವಿನೆಗರ್ ವಾಸನೆ ಬರುವಂಥದ್ದು, ಒಣಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ. ಅದು ಉಕ್ಕಿಗೆ ಒಳ್ಳೆಯದಲ್ಲ, ಮೇಲೆ ಪೇಂಟೂ ನಿಲ್ಲುವುದಿಲ್ಲ. ಎಂ-ಸೀಲ್ ನೀರಿನ ಟ್ಯಾಂಕಿನ ಪೈಪಿಗೆ ಸರಿ. ಕಾರಿನ ತಳ ಪ್ರತಿ ಗುಂಡಿಗೂ ಅಲುಗುತ್ತದೆ, ಗಟ್ಟಿಯಾಗಿ ಕೂತ ಎಂ-ಸೀಲ್ ಆ ಅಲುಗಾಟಕ್ಕೆ ಬಿರಿಯುತ್ತದೆ.

ಸೀಲರ್ ಒಣಗಿದ ಮೇಲೆ ಎರಡು ಡಬ್ಬಿಯ ಪಾಲಿಯುರಿಥೇನ್ ಪೇಂಟ್ ಎರಡು ಕೋಟು. ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಸ್ಪ್ರೇ ಮಾಡುವಾಗ ಬಟ್ಟೆಯ ಮಾಸ್ಕ್ ಏನೇನೂ ಸಾಲದು. ತಳಕ್ಕೆ ಬ್ರಶ್, ರೋಲರ್ ಸಾಕು, ಬಾಗಿಲೆಲ್ಲ ತೆರೆದಿಟ್ಟು ಹಚ್ಚಿ. ಬಣ್ಣ ತಿಳಿಯಾಗಿರಲಿ ಎಂಬುದು ನನ್ನ ಸಲಹೆ. ಕಪ್ಪು ತಳದಲ್ಲಿ ತುಕ್ಕಿನ ಮೊದಲ ಕಲೆ ಕಾಣುವುದೇ ಇಲ್ಲ. ಬೂದು ಬಣ್ಣದಲ್ಲಿ ಬೇಗ ಸಿಕ್ಕಿಬೀಳುತ್ತದೆ. ತಳದ ನೀರಿನ ತೂತುಗಳ ಅಂಚಿಗೂ ಪೇಂಟ್ ತಾಗಿಸಿ, ಹೊಸ ರಬ್ಬರ್ ಬಿರಟೆ ಹಾಕಿ. ಆ ಬಿರಟೆಗೆ ಸೀಲರ್ ಮೆತ್ತಬೇಡಿ. ಮಳೆಯಲ್ಲಿ ಕಾರು ತುಂಬಿದರೆ ಅದನ್ನು ಕಿತ್ತೇ ನೀರು ಬಿಡಬೇಕಾಗುತ್ತದೆ.

ಕಾರ್ಪೆಟ್ ಹಾಕುವ ಅವಸರ ಬೇಡ. ಪೇಂಟ್ ಪೂರ್ತಿ ಗಟ್ಟಿಯಾದ ಮೇಲೆ ಮತ್ತೊಮ್ಮೆ ಪೇಪರ್ ಹಾಸಿ, ಪೈಪ್ ಹಿಡಿದು ಅದೇ ನೀರಿನ ಪರೀಕ್ಷೆ ಮಾಡಿ. ಸಾಧ್ಯವಾದರೆ ಒಂದೆರಡು ನಿಜವಾದ ಮಳೆಯಲ್ಲೂ ಬರಿ ತಳದಲ್ಲೇ ಓಡಿಸಿ ನೋಡಿ. ಸದ್ದು ತಗ್ಗಿಸಲು ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ ಬೇಕಿದ್ದರೆ ಸಮತಟ್ಟು ಜಾಗದಲ್ಲಿ ಮಾತ್ರ, ರೋಲರಿನಿಂದ ಗಾಳಿ ಉಳಿಯದಂತೆ ಒತ್ತಿ ಅಂಟಿಸಿ. ಸಂದು ಮತ್ತು ಬಿರಟೆಗಳ ಮೇಲೆ ಬೇಡ. ತೆರೆದ ಕಾರಿನಲ್ಲಿ ಗಾಳಿಯ ಸದ್ದೇ ಇಷ್ಟಿರುವಾಗ ತಳವನ್ನೆಲ್ಲ ಶೀಟಿನಿಂದ ಮುಚ್ಚುವುದು ದುಡ್ಡಿಗೆ ದಂಡ. ಸೆಣಬಿನ ಫೆಲ್ಟ್ ಬದಲು ನೀರು ಹೀರದ ಫೋಮ್ ಹಾಕಿ. ಕಾರ್ಪೆಟ್ಟಿಗೆ ಗಮ್ ಹಚ್ಚದೆ ಟಿಚ್ ಬಟನ್ ಹಾಕಿಸಿ, ನೆನೆದ ದಿನವೇ ತೆಗೆದು ಒಣಗಿಸಬಹುದು.

ಕೆಳಗಿನಿಂದ

ಕಾರಿನ ಅಡಿಗೆ ದಪ್ಪನೆಯ ಕರಿ ಡಾಂಬರ್ ಕೋಟಿಂಗ್ ಹೊಡೆಸುವುದು ನಮ್ಮಲ್ಲಿ ರೂಢಿ. ಹೊಸ ಕಾರಿಗೆ ಅದು ನಡೆದೀತು. ಹಳೆಯ ಕಾರಿನಲ್ಲಿ ಕೆಲವು ವರ್ಷಕ್ಕೆ ಅದು ಒಣಗಿ ಬಿರಿದು, ಒಳಗೆ ನೀರು ಸೇರಿಸಿಕೊಂಡು, ತುಕ್ಕನ್ನು ಮುಚ್ಚಿಡುತ್ತದೆ. ಕೊಳ್ಳುವ ಕಾರಿನ ಅಡಿಯಲ್ಲಿ ಹೊಚ್ಚ ಹೊಸ ಕರಿ ಕೋಟಿಂಗ್ ಕಂಡರೆ ಅನುಮಾನಪಡಿ. ಎಪಾಕ್ಸಿ ಮತ್ತು ಪೇಂಟ್ ಹಚ್ಚಿದ ಅಡಿಗೆ ಮೇಣದಂಥ ಅಂಡರ್‌ಬಾಡಿ ಲೇಪ ಕೊಡುವುದು ಲೇಸು. ಅದು ಬಿರಿಯುವುದಿಲ್ಲ, ಗೀರು ಬಿದ್ದಲ್ಲಿ ಮತ್ತೆ ಹಚ್ಚಬಹುದು. ಸಿಲ್ ಒಳಗೆ ಕ್ಯಾವಿಟಿ ವ್ಯಾಕ್ಸನ್ನು ಉದ್ದ ನಳಿಕೆಯಿಂದ ಹೊಡೆಸಿ, ವೆಲ್ಡಿಂಗ್ ಎಲ್ಲ ಮುಗಿದ ಮೇಲೆಯೇ, ಏಕೆಂದರೆ ಅದಕ್ಕೆ ಬೆಂಕಿ ಹಿಡಿಯುತ್ತದೆ. ಹೊಡೆದ ಮೇಲೆ ಸಿಲ್ ಕೆಳಗಿನ ತೂತುಗಳು ಮೇಣದಿಂದ ಕಟ್ಟಿಲ್ಲವೆಂದು ತಂತಿ ಆಡಿಸಿ ನೋಡಿ.

ಮಳೆಗಾಲಕ್ಕೆ ಮುಂಚೆ ಅಡಿಗೆ ಹಳೆಯ ಎಂಜಿನ್ ಆಯಿಲ್ ಸ್ಪ್ರೇ ಮಾಡಿಸುವ ಪದ್ಧತಿ, ಮುಖ್ಯವಾಗಿ ಜೀಪುಗಳಲ್ಲಿ, ಇನ್ನೂ ಇದೆ. ಅದು ರಬ್ಬರ್ ಬುಶ್‌ಗಳನ್ನು ಊದಿಸಿ ಮೆತ್ತಗಾಗಿಸುತ್ತದೆ, ಬ್ರೇಕಿಗೆ ತಾಗಿದರೆ ಗಾಡಿ ನಿಲ್ಲುವುದಿಲ್ಲ, ಮೊದಲ ಮಳೆಗೆ ತೊಳೆದು ತೋಟಕ್ಕೋ ಹಳ್ಳಕ್ಕೋ ಸೇರುತ್ತದೆ. ದಯವಿಟ್ಟು ಮಾಡಿಸಬೇಡಿ.

ನಿಲ್ಲಿಸುವ ಜಾಗವೂ ತಳದ ಆಯುಷ್ಯ ನಿರ್ಧರಿಸುತ್ತದೆ. ಹುಲ್ಲು, ಮಣ್ಣಿನ ನೆಲದಿಂದ ತೇವ ಏಳುತ್ತದೆ. ಸಿಮೆಂಟು ನೆಲ ಒಳ್ಳೆಯದು. ಪ್ಲಾಸ್ಟಿಕ್ ಟಾರ್ಪಾಲು ಬಿಗಿದು ಕಟ್ಟಿದರೆ ಒಳಗೆ ಬೆವರುತ್ತದೆ, ಗಾಳಿಯಾಡುವ ಬಟ್ಟೆಯ ಕವರ್ ಹಾಕಿ. ಒದ್ದೆ ಹುಡ್ಡನ್ನು ಮಡಚಿಡಬೇಡಿ. ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಅಡಿಯ ಕೆಸರನ್ನೆಲ್ಲ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಮೇಣ ಹೋದ ಜಾಗಕ್ಕೆ ಮತ್ತೆ ಹಚ್ಚಿ.

ಐವತ್ತು ವರ್ಷ ದಾಟಿದ ಕಾರಿರುವವರಿಗೆ ಒಂದು ಮುಖ್ಯ ವಿಷಯ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಿ, ನಂಬರಿನಲ್ಲಿ ‘ವಿಎ’ ಅಕ್ಷರ ಪಡೆಯಬಹುದು. ಆದರೆ ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಭಾರಿ ಬದಲಾವಣೆ ಆಗಿರಬಾರದೆಂಬ ಷರತ್ತಿದೆ. ಆದ್ದರಿಂದ ಹಾಳಾದ ಭಾಗವನ್ನಷ್ಟೇ ಕತ್ತರಿಸಿ, ಮೂಲ ಆಕಾರದಲ್ಲೇ ತೇಪೆ ಹಾಕಿಸಿ. ಚಾಸಿ ನಂಬರ್ ಕೊರೆದ ಜಾಗಕ್ಕೆ ಗ್ರೈಂಡರ್ ತಾಗದಂತೆ ಮೊದಲೇ ಟೇಪ್ ಸುತ್ತಿ. ಕೆಲಸದ ಮುಂಚೆ, ನಡುವೆ, ಕೊನೆಗೆ ಫೋಟೊ ತೆಗೆದು, ಬಿಲ್ಲುಗಳ ಜೊತೆ ಒಂದು ಫೈಲಿನಲ್ಲಿಡಿ. ದೊಡ್ಡ ಭಾಗವನ್ನೇ ಬದಲಿಸಬೇಕಾಗಿ ಬಂದರೆ, ತಗಡು ಕತ್ತರಿಸುವ ಮುನ್ನವೇ ನಿಮ್ಮ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.